ಉಳಿದ ಹದಿನೈದು ಯಾರು?

ಅಲ್ಯೂಮಿನಿಯಂ ಪಾತ್ರೆಗಳ ಬಗ್ಗೆ ಕಳೆದ ತಿಂಗಳು ಬರೆದದ್ದನ್ನು ಓದಿ ಚೆನ್ನೈನ ಓದುಗರೊಬ್ಬರು ಒಂದು ಒಳ್ಳೆಯ ಪ್ರಶ್ನೆ ಕಳಿಸಿದ್ದಾರೆ. "ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ ಅಂತ ನೀವೇ ಬರೆದಿರಿ. ಅದರ ಅದಿರು ಬಾಕ್ಸೈಟ್. ಅದೇ ಬಾಕ್ಸೈಟ್‌ನಿಂದ ಉಕ್ಕಿನ ಕುಲುಮೆಗೆ ಇಟ್ಟಿಗೆ ಮಾಡುತ್ತಾರಂತೆ. ಉಕ್ಕು ಕುದಿಯುವ ಕಡೆ ಅದು ಹೇಗೆ ನಿಲ್ಲುತ್ತದೆ?"

ಲೋಹದ ಗುಣವೇ ಬೇರೆ, ಆಮ್ಲಜನಕದ ಜೊತೆ ಕೂಡಿದ ಲೋಹದ ಗುಣವೇ ಬೇರೆ. ಅಲ್ಯೂಮಿನಿಯಂ ಆಮ್ಲಜನಕದ ಜೊತೆ ಕೂಡಿದರೆ ಅಲ್ಯೂಮಿನಾ. ಅದು ಕರಗಲು ಸುಮಾರು 2050 ಡಿಗ್ರಿ ಸೆಲ್ಸಿಯಸ್ ಬೇಕು. ಕುಲುಮೆಯಿಂದ ಸುರಿಯುವ ಉಕ್ಕು 1600ರಿಂದ 1650 ಡಿಗ್ರಿಯಲ್ಲಿರುತ್ತದೆ. ಲೆಕ್ಕದ ಪ್ರಕಾರ ಇಟ್ಟಿಗೆಗೆ 400 ಡಿಗ್ರಿ ಬಿಡುವಿದೆ, ಭಯವಿಲ್ಲ. ಆದರೆ ಈ ಲೆಕ್ಕ ಅಪ್ಪಟ ಅಲ್ಯೂಮಿನಾದ್ದು. ಬಾಕ್ಸೈಟ್ ಎಂದೂ ಅಪ್ಪಟವಲ್ಲ. ಒಳ್ಳೆಯ ಬಾಕ್ಸೈಟ್ ಇಟ್ಟಿಗೆ ಎಂದರೆ ನೂರಕ್ಕೆ 85ರಷ್ಟು ಅಲ್ಯೂಮಿನಾ. ಮಾರುವವರು ಈ 85ರ ಬಗ್ಗೆ ಮಾತಾಡುತ್ತಾರೆ, ಕೊಳ್ಳುವವರು ಇದಕ್ಕೇ ಹಣ ಕೊಡುತ್ತಾರೆ. ಮೂವತ್ತು ವರ್ಷ ಪುಣೆಯಲ್ಲಿ ಇಟ್ಟಿಗೆ ಪರೀಕ್ಷೆ ಮಾಡಿದವನಾಗಿ ನಾನು ಹೇಳುವುದಿಷ್ಟು: ಇಟ್ಟಿಗೆಯ ಆಯುಷ್ಯ ಬರೆಯುವುದು ಉಳಿದ ಹದಿನೈದು. ಆ ಹದಿನೈದರಲ್ಲಿ ಯಾರ್‍ಯಾರಿದ್ದಾರೆ, ಎಷ್ಟೆಷ್ಟು ಇದ್ದಾರೆ ಎಂಬುದು.

ಈ ಕಲ್ಲು ನಮಗೆ ತೀರ ಅಪರಿಚಿತವೇನಲ್ಲ. ದಕ್ಷಿಣ ಕನ್ನಡದವರ ಮುರಕಲ್ಲು, ಮಲೆನಾಡಿನವರ ಜಂಬಿಟ್ಟಿಗೆ ಬಾಕ್ಸೈಟ್‌ನ ಹತ್ತಿರದ ನೆಂಟರು. ಬಿಸಿಲು ಮಳೆ ಎರಡೂ ಜೋರಾಗಿರುವ ಕಡೆ ಲಕ್ಷಾಂತರ ವರ್ಷ ನೀರು ಬಂಡೆಯೊಳಗೆ ಇಳಿಯುತ್ತದೆ. ಸೋಡಾ, ಪೊಟ್ಯಾಶ್, ಸುಣ್ಣದಂಥ ಸುಲಭವಾಗಿ ಕರಗುವ ಅಂಶಗಳು ಮೊದಲು ತೊಳೆದುಹೋಗುತ್ತವೆ. ಆಮೇಲೆ ಸಿಲಿಕಾ ನಿಧಾನವಾಗಿ ಹೋಗುತ್ತದೆ. ಕೊನೆಗೆ ಹಟ ಹಿಡಿದು ಉಳಿಯುವವರು ಮೂವರು: ಅಲ್ಯೂಮಿನಿಯಂ, ಕಬ್ಬಿಣ, ಟೈಟಾನಿಯಂ. ಕಬ್ಬಿಣದ ಕೈ ಮೇಲಾದರೆ ಅದು ಮನೆ ಕಟ್ಟುವ ಕೆಂಪು ಕಲ್ಲು. ಅಲ್ಯೂಮಿನಿಯಂ ಕೈ ಮೇಲಾದರೆ ಬಾಕ್ಸೈಟ್. ಫ್ರಾನ್ಸಿನ ಲೆ ಬೋ ಎಂಬ ಹಳ್ಳಿಯ ಹತ್ತಿರ 1821ರಲ್ಲಿ ಪಿಯೆರ್ ಬೆರ್ತಿಯೆ ಇದನ್ನು ಗುರುತಿಸಿದ್ದರಿಂದ ಆ ಊರಿನ ಹೆಸರೇ ಕಲ್ಲಿಗೂ ಬಂತು.

ಗಣಿಯಿಂದ ಬಂದ ಹಸಿ ಬಾಕ್ಸೈಟ್ ನೇರವಾಗಿ ಇಟ್ಟಿಗೆಯಾಗುವುದಿಲ್ಲ. ಅದರ ಹರಳುಗಳಲ್ಲಿ ನೀರು ಬೆಸೆದುಕೊಂಡಿರುತ್ತದೆ. ಗಿಬ್ಸೈಟ್ ಎಂಬ ಖನಿಜದಲ್ಲಿ ತೂಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು, ಡಯಾಸ್ಪೋರ್ ಎಂಬುದರಲ್ಲಿ ಸುಮಾರು 15 ಭಾಗ. 1400 ಡಿಗ್ರಿಗೂ ಮೇಲೆ, ಹಲವು ಸಲ 1600 ದಾಟಿಸಿ ಸುಟ್ಟು, ಆ ನೀರನ್ನು ಓಡಿಸಿ ಕಲ್ಲನ್ನು ಬಿಗಿಯಾಗಿ ಕುಗ್ಗಿಸಬೇಕು. ಈ ಸುಡುವಿಕೆಗೆ ಕ್ಯಾಲ್ಸಿನೇಷನ್ ಎನ್ನುತ್ತಾರೆ. ಇಲ್ಲೇ ಮೊದಲ ಎಡವಟ್ಟು. ನೂರು ಕಿಲೋ ಹಸಿ ಕಲ್ಲಿನಲ್ಲಿ 58 ಕಿಲೋ ಅಲ್ಯೂಮಿನಾ, 28 ಕಿಲೋ ನೀರು, 8 ಕಿಲೋ ಸಿಲಿಕಾ, 3 ಕಿಲೋ ಟೈಟಾನಿಯಾ, ಎರಡೂವರೆ ಕಿಲೋ ಕಬ್ಬಿಣದ ಆಕ್ಸೈಡ್ ಇದೆ ಎಂದಿಟ್ಟುಕೊಳ್ಳಿ. ಎರಡೂವರೆ ಎಂದರೆ ಏನು ಮಹಾ ಎನ್ನಿಸುತ್ತದೆ. ಸುಟ್ಟ ಮೇಲೆ ಉಳಿಯುವುದು 72 ಕಿಲೋ ಮಾತ್ರ. ನೀರು ಹೋಯಿತು, ಕಬ್ಬಿಣ ಹೋಗಲಿಲ್ಲ. ಈಗ ಅಲ್ಯೂಮಿನಾ ನೂರಕ್ಕೆ 80.6, ಸಿಲಿಕಾ 11, ಟೈಟಾನಿಯಾ 4.2, ಕಬ್ಬಿಣ 3.5. ಸಾರು ಕುದಿಸಿ ಬತ್ತಿಸಿದರೆ ಉಪ್ಪು ಮುಂದಾಗುವುದಿಲ್ಲವೇ, ಹಾಗೆ. ಒಳ್ಳೆಯ ಕುಲುಮೆ ದರ್ಜೆಯ ಬಾಕ್ಸೈಟ್‌ನಲ್ಲಿ ಸುಟ್ಟ ಮೇಲಿನ ಕಬ್ಬಿಣ ಸುಮಾರು 2ರೊಳಗೆ ಇರಬೇಕೆಂದು ಕೇಳುತ್ತಾರೆ. ಕಾಗದದ ಮೇಲೆ ಚೆಂದ ಕಂಡ ಹಸಿ ಕಲ್ಲು ಇಲ್ಲೇ ಫೇಲಾಯಿತು.

ಇಷ್ಟು ಸಣ್ಣ ಪ್ರಮಾಣ ಇಷ್ಟೊಂದು ಕೆಡಿಸುವುದು ಹೇಗೆ? ಮುಂಬಯಿಯ ಕುಲ್ಫಿಯವನನ್ನು ನೋಡಿ. ಮಡಕೆಯ ಸುತ್ತ ಐಸಿಗೆ ಉಪ್ಪು ಹಾಕುತ್ತಾನೆ. ಐಸ್ ಸೊನ್ನೆಗೆ ಕರಗುತ್ತದೆ, ಉಪ್ಪು ಕರಗಲು 801 ಡಿಗ್ರಿ ಬೇಕು. ಎರಡೂ ಸೇರಿದರೆ ಸೊನ್ನೆಗಿಂತ 21 ಡಿಗ್ರಿ ಕೆಳಗೂ ದ್ರವವಾಗಿರಬಲ್ಲವು. ಎರಡು ಘನವಸ್ತುಗಳು ಕೂಡಿದಾಗ ಇಬ್ಬರೂ ಒಂಟಿಯಾಗಿ ಕರಗದ ಉಷ್ಣತೆಯಲ್ಲಿ ಕರಗುತ್ತವೆ. ಕುಲುಮೆಯಲ್ಲೂ ಇದೇ ಕಥೆ. ಅಲ್ಯೂಮಿನಾ 2050ಕ್ಕೆ, ಸಿಲಿಕಾ 1720ರ ಆಸುಪಾಸಿಗೆ ಕರಗುವಂಥವು. ಸಿಲಿಕಾ ಹೆಚ್ಚು, ಅಲ್ಯೂಮಿನಾ ಕಡಿಮೆ ಇರುವ ಒಂದು ಹದದಲ್ಲಿ ಅವೆರಡೂ 1590ರ ಹತ್ತಿರವೇ ಕರಗಲು ಶುರುಮಾಡುತ್ತವೆ. ಅದಕ್ಕೆ ಪೊಟ್ಯಾಶ್ ಸೇರಿದರೆ ಮೊದಲ ಹನಿ ಕಾಣಿಸುವುದು 985 ಡಿಗ್ರಿಗೆ. ಸೋಡಾ ಸೇರಿದರೆ 1050ಕ್ಕೆ. ಸುಣ್ಣ ಸೇರಿದರೆ 1345ಕ್ಕೆ.

ಹಾಗೆಂದು ಇಟ್ಟಿಗೆ 985ಕ್ಕೆ ಕರಗಿ ಹರಿಯುವುದಿಲ್ಲ. ಲೋನಾವಳದ ಚಿಕ್ಕಿಯನ್ನು ಬಿಸಿಲಲ್ಲಿಟ್ಟು ಮರೆತವರಿಗೆ ಇದು ಬೇಗ ಅರ್ಥವಾಗುತ್ತದೆ. ಶೇಂಗಾ ಬೀಜ ಕರಗುವುದಿಲ್ಲ, ಅವನ್ನು ಹಿಡಿದಿರುವ ಬೆಲ್ಲ ಮೆತ್ತಗಾಗುತ್ತದೆ, ಚಿಕ್ಕಿ ಬಾಗುತ್ತದೆ. ಬಾಕ್ಸೈಟ್ ಇಟ್ಟಿಗೆಯಲ್ಲಿ ಶೇಂಗಾ ಎಂದರೆ ಕೊರಂಡಮ್, ಅಂದರೆ ಅಲ್ಯೂಮಿನಾದ ಗಟ್ಟಿ ಹರಳು. ಬೆಲ್ಲ ಎಂದರೆ ಹರಳುಗಳ ನಡುವೆ ಕೂತ ಗಾಜು. ಮಲಿನ ಅಂಶಗಳೆಲ್ಲ ಸೇರುವುದು ಆ ಗಾಜಿನಲ್ಲಿ.

ಅವುಗಳಲ್ಲಿ ಒಬ್ಬೊಬ್ಬರ ಗುಣ ಒಂದೊಂದು. ಹೆಚ್ಚು ಅಪಾಯದವರಿಂದ ಶುರುಮಾಡೋಣ.

ಸೋಡಾ ಮತ್ತು ಪೊಟ್ಯಾಶ್‌ಗೆ ಒಟ್ಟಾಗಿ ಕ್ಷಾರ ಎನ್ನೋಣ. ಪ್ರಮಾಣದಲ್ಲಿ ತೀರ ಕಡಿಮೆ, ಹಾನಿಯಲ್ಲಿ ಎಲ್ಲರಿಗಿಂತ ಮುಂದೆ. ಕಾರಣ ಸರಳ: ಕ್ಷಾರ ಒಂಟಿಯಾಗಿ ಕರಗುವುದಿಲ್ಲ, ಅಕ್ಕಪಕ್ಕದ ಸಿಲಿಕಾ, ಅಲ್ಯೂಮಿನಾಗಳನ್ನೂ ಎಳೆದುಕೊಂಡೇ ಕರಗುತ್ತದೆ. ಪೊಟ್ಯಾಶ್ ಫೆಲ್ಡ್‌ಸ್ಪಾರ್ ಎಂಬ ಖನಿಜದಲ್ಲಿ ಪೊಟ್ಯಾಶ್ ಇರುವುದು ನೂರಕ್ಕೆ 17 ಮಾತ್ರ. ಆ ಹದದ ಗಾಜಾಯಿತೆಂದರೆ ಒಂದು ಕಿಲೋ ಪೊಟ್ಯಾಶ್ ಸುಮಾರು ಆರು ಕಿಲೋ ಗಾಜು ಮಾಡಿತು. ಇನ್ನೊಂದು ಕಡೆ ಸೋಡಾ ಕೊರಂಡಮ್ ಜೊತೆ ಸೇರಿ ಬೀಟಾ ಅಲ್ಯೂಮಿನಾ ಎಂಬ ಬೇರೆ ಹರಳಾಗುತ್ತದೆ. ಅದು ಹೆಚ್ಚು ಜಾಗ ಕೇಳುತ್ತದೆ, ಇಟ್ಟಿಗೆ ಉಬ್ಬಿ ಬಿರಿಯುತ್ತದೆ. ಆದ್ದರಿಂದಲೇ ಕ್ಷಾರದ ವಿಷಯದಲ್ಲಿ ಅರ್ಧ, ಮುಕ್ಕಾಲು ಶೇಕಡಕ್ಕೂ ಚೌಕಾಸಿ ನಡೆಯುತ್ತದೆ.

ಎರಡನೆಯದು ಕಬ್ಬಿಣ. ಗಾಳಿ ಚೆನ್ನಾಗಿ ಆಡುವ ಕುಲುಮೆಯಲ್ಲಿ ಅದು ಅಷ್ಟೇನೂ ತಂಟೆ ಮಾಡುವುದಿಲ್ಲ. ಉಸಿರುಕಟ್ಟುವ, ಇಂಗಾಲದ ಮಾನಾಕ್ಸೈಡ್ ತುಂಬಿದ ಕುಲುಮೆಯಲ್ಲಿ ಅದರ ಸ್ವಭಾವವೇ ಬೇರೆ. ಕೆಂಪು ಆಕ್ಸೈಡ್ ಸ್ವಲ್ಪ ಆಮ್ಲಜನಕ ಕಳಕೊಂಡು ಫೆರಸ್ ಆಕ್ಸೈಡ್ ಆಗುತ್ತದೆ, ಸಿಲಿಕಾ ಜೊತೆ ಕೂಡಿ 1200 ಡಿಗ್ರಿಯ ಆಸುಪಾಸಿಗೇ ಕರಗುತ್ತದೆ. ಕುಲುಮೆ ಒಮ್ಮೆ ಉಸಿರಾಡಿ ಒಮ್ಮೆ ಕಟ್ಟಿದರೆ ಪ್ರತಿ ಸಲವೂ ಕಬ್ಬಿಣದ ಚುಕ್ಕೆ ಹಿಗ್ಗಿ ಕುಗ್ಗಿ ಇಟ್ಟಿಗೆಯನ್ನು ಸಡಿಲ ಮಾಡುತ್ತದೆ. ಇನ್ನೊಂದು ವಿಚಿತ್ರವಿದೆ. 400ರಿಂದ 700 ಡಿಗ್ರಿ, ಅಂದರೆ ಕುಲುಮೆಯ ತಂಪು ಭಾಗದಲ್ಲಿ, ಕಬ್ಬಿಣದ ಚುಕ್ಕೆಗಳ ಮೇಲೆ ಮಾನಾಕ್ಸೈಡ್ ಒಡೆದು ಮಸಿ ಕೂರುತ್ತದೆ. ದಿನದಿನಕ್ಕೆ ಆ ಮಸಿ ಬೆಳೆದು ಇಟ್ಟಿಗೆಯನ್ನು ಒಳಗಿನಿಂದಲೇ ಸೀಳುತ್ತದೆ. ಬ್ಲಾಸ್ಟ್ ಫರ್ನೇಸ್‌ನವರು ಇದಕ್ಕೆ ತುಂಬ ಹೆದರುತ್ತಾರೆ. ಇಲ್ಲಿ ಕಬ್ಬಿಣ ಎಷ್ಟಿದೆ ಎಂಬುದರಷ್ಟೇ ಅದು ಎಲ್ಲಿ ಕೂತಿದೆ ಎಂಬುದೂ ಮುಖ್ಯ. ಹೆಚ್ಚು ಉಷ್ಣತೆಯಲ್ಲಿ ಚೆನ್ನಾಗಿ ಸುಟ್ಟು ಹರಳಿನೊಳಗೆ ಹಂಚಿಹೋದ ಕಬ್ಬಿಣ ಸುಮ್ಮನಿರುತ್ತದೆ. ಚುಕ್ಕೆಯಾಗಿ ಬಿಡಿಯಾಗಿ ನಿಂತದ್ದು ಕೆಡಿಸುತ್ತದೆ.

ಟೈಟಾನಿಯಾ ಎರಡೂ ಕಡೆಯವನು. ಸುಡುವಾಗ ಹರಳುಗಳು ಒಂದನ್ನೊಂದು ಬಿಗಿಯಾಗಿ ಹಿಡಿಯಲು ನೆರವಾಗುತ್ತದೆ, ಕಲ್ಲು ಗಟ್ಟಿಯಾಗುತ್ತದೆ. ಆಮೇಲೆ ಭಾರ ಹೊತ್ತು ಬಿಸಿಯಲ್ಲಿ ನಿಂತಾಗ ಮೆತ್ತಗಾಗುವುದಕ್ಕೂ ಅದೇ ಕಾರಣ. ತಮಾಷೆಯೆಂದರೆ, ನೀಲಮಣಿಯೂ ಕೊರಂಡಮ್ಮೇ. ಅದರ ನೀಲಿ ಬರುವುದು ಇದೇ ಕಬ್ಬಿಣ, ಟೈಟಾನಿಯಂಗಳ ಲೇಶದಿಂದ. ಉಂಗುರದಲ್ಲಿ ಬೆಲೆ ಏರಿಸುವವರು ಇಟ್ಟಿಗೆಯಲ್ಲಿ ಬೆಲೆ ಇಳಿಸುತ್ತಾರೆ.

ಸಿಲಿಕಾ? ಅಳತೆಯಲ್ಲಿದ್ದರೆ ಅದು ಮಿತ್ರ. ಚೆನ್ನಾಗಿ ಸುಟ್ಟರೆ 28 ಪಾಲು ಸಿಲಿಕಾ, 72 ಪಾಲು ಅಲ್ಯೂಮಿನಾ ಕೂಡಿ ಮುಲ್ಲೈಟ್ ಎಂಬ ಹರಳಾಗುತ್ತದೆ. ಅದು 1800 ಡಿಗ್ರಿ ದಾಟಿದ ಮೇಲೇ ಕರಗುವಂಥದ್ದು. 10 ಕಿಲೋ ಸಿಲಿಕಾ ಸುಮಾರು 25 ಕಿಲೋ ಅಲ್ಯೂಮಿನಾವನ್ನು ಸೇರಿಸಿಕೊಂಡು 35 ಕಿಲೋ ಒಳ್ಳೆಯ ಮುಲ್ಲೈಟ್ ಕೊಡುತ್ತದೆ. ಆದರೆ ಕ್ಷಾರ ಬಂತೆಂದರೆ ಆ ಮುಲ್ಲೈಟನ್ನೇ ಒಡೆದು ಸಿಲಿಕಾ ಕಿತ್ತುಕೊಂಡು ಗಾಜು ಮಾಡುತ್ತದೆ. ಒಳ್ಳೆಯವನು ಯಾರ ಸಹವಾಸದಲ್ಲಿದ್ದಾನೆ ಎಂಬುದನ್ನೂ ನೋಡಬೇಕು ಎನ್ನುವುದು ಇದಕ್ಕೇ.

ಇದೆಲ್ಲ ಪುಸ್ತಕದ ಮಾತಲ್ಲ. ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಉಕ್ಕಿನ ಫೌಂಡ್ರಿಯವರು ನನ್ನನ್ನು ಕರೆಸಿದರು. ಆರ್ಕ್ ಫರ್ನೇಸ್‌ನ ಮುಚ್ಚಳ, ಅಂದರೆ ಕಮಾನಿನಂತೆ ಕಟ್ಟಿದ ಇಟ್ಟಿಗೆಯ ಛಾವಣಿ, ನಡುವೆ ಕುಸಿದಿತ್ತು. ಒಂದಷ್ಟು ಇಟ್ಟಿಗೆ ಕರಗಿದ ಉಕ್ಕಿನೊಳಗೇ ಬಿದ್ದಿದ್ದವು. ಕುಲುಮೆಯ ಮೇಲೆ ಕೆಲಸ ಮಾಡುತ್ತಿದ್ದವರು ವಿಜಯಪುರದ ಕಡೆಯವರು. ನಾನು ಕನ್ನಡದವನೆಂದು ತಿಳಿದ ಕೂಡಲೇ ಒಂದು ತುಂಡು ಕೈಗೆ ಕೊಟ್ಟರು. "ನೋಡ್ರಿ ಸಾಹೇಬ್ರ, ತಂದಾಗ ಎಷ್ಟು ಬೆಳ್ಳಗ ಇದ್ವು. ಹಳೇ ಇಟ್ಟಂಗಿಕಿಂತ ಚಲೋ ಅಂತ ಎಲ್ಲಾರೂ ಅಂದ್ರು. ಈಗ ಪಾಕ ಇಳದಂಗ ಇಳದಾವ್ರೀ." ಇಟ್ಟಿಗೆಯ ಕೆಳಮುಖದಲ್ಲಿ ಹೊಳೆಯುವ ಗಾಜಿನ ಹನಿಗಳು ತೂಗುತ್ತಿದ್ದವು.

ಹಳೆಯ ಇಟ್ಟಿಗೆಯಲ್ಲಿ ಅಲ್ಯೂಮಿನಾ 84, ಹೊಸದರಲ್ಲಿ 86. ಬೆಲೆಯೂ ಹೊಸದಕ್ಕೇ ಕಡಿಮೆ. ಖರೀದಿ ವಿಭಾಗದವರಿಗೆ ಇನ್ನೇನು ಬೇಕು? ಪೂರ್ತಿ ವಿಶ್ಲೇಷಣೆ ಮಾಡಿಸಿದಾಗ ಹಳೆಯದರಲ್ಲಿ ಕ್ಷಾರ 0.4, ಹೊಸದರಲ್ಲಿ 1.2. ಕುಲುಮೆಯ ಧೂಳಿನಲ್ಲಿ ಸುಣ್ಣ, ಕಬ್ಬಿಣ ಎರಡೂ ಇರುತ್ತವೆ, ಅವೂ ಮೇಲೇರಿ ಛಾವಣಿಗೆ ಅಂಟುತ್ತವೆ. ಹಳೆಯ ಇಟ್ಟಿಗೆ ಅದನ್ನು ತಾಳಿಕೊಳ್ಳುತ್ತಿತ್ತು. ಒಳಗೆ ಮೊದಲೇ ಗಾಜು ತುಂಬಿದ್ದ ಹೊಸದಕ್ಕೆ ಆಗಲಿಲ್ಲ. ಆ ಪಾಳಿಯಲ್ಲಿ ಹತ್ತಿರ ಯಾರೂ ಇರಲಿಲ್ಲವಾದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಬಿದ್ದ ಇಟ್ಟಿಗೆ 1600 ಡಿಗ್ರಿಯ ಉಕ್ಕನ್ನು ಸಿಡಿಸಿದರೆ ಏನಾಗುತ್ತದೆಂದು ಕುಲುಮೆಯ ಮುಂದೆ ನಿಂತವರಿಗೆ ಹೇಳಬೇಕಾಗಿಲ್ಲ.

ಆ ಇಟ್ಟಿಗೆಯ ಪರೀಕ್ಷಾ ಪತ್ರದಲ್ಲಿ ಸುಳ್ಳೇನೂ ಇರಲಿಲ್ಲ. ಕೋನ್ ಪರೀಕ್ಷೆಯಲ್ಲಿ ಅದು 1800 ಡಿಗ್ರಿಯ ಹತ್ತಿರ ಪಾಸಾಗಿತ್ತು. ಆ ಪರೀಕ್ಷೆಯಲ್ಲಿ ಇಟ್ಟಿಗೆಯ ಪುಡಿಯಿಂದ ಸಣ್ಣ ಗೋಪುರ ಮಾಡಿ ಬಿಸಿ ಮಾಡುತ್ತಾರೆ. ಅದರ ತುದಿ ಬಾಗಿ ನೆಲ ಮುಟ್ಟುವ ಉಷ್ಣತೆ ನೋಡುತ್ತಾರೆ. ಗೋಪುರದ ಮೇಲೆ ಅದರದ್ದೇ ಭಾರ ಬಿಟ್ಟರೆ ಬೇರೆ ಭಾರವಿಲ್ಲ. ಛಾವಣಿಯ ಇಟ್ಟಿಗೆ ಹಾಗಲ್ಲ, ಅಕ್ಕಪಕ್ಕದವರ ಒತ್ತಡವನ್ನೂ ಹೊತ್ತಿರುತ್ತದೆ. ಅದಕ್ಕೆ ಬೇರೆ ಪರೀಕ್ಷೆಯಿದೆ, ನಮ್ಮ ಕಡೆ ಆರ್‌ಯುಎಲ್ ಎನ್ನುತ್ತೇವೆ. ಚದರ ಸೆಂಟಿಮೀಟರಿಗೆ 2 ಕಿಲೋ ಭಾರ ಹೇರಿ ಬಿಸಿ ಮಾಡುತ್ತಾ, ತುಂಡು ಕುಗ್ಗಲು ಶುರುವಾಗುವ ಉಷ್ಣತೆಯನ್ನು ಗುರುತಿಸುವುದು. ಒಳ್ಳೆಯ ಬಾಕ್ಸೈಟ್ ಇಟ್ಟಿಗೆಯೂ ಇಲ್ಲಿ 1500ರ ಆಸುಪಾಸಿಗೇ ಕುಗ್ಗತೊಡಗುತ್ತದೆ. ಛಾವಣಿಯಲ್ಲಿ ಅದು ನಿಲ್ಲುವುದು ಒಂದು ಮುಖಕ್ಕೆ ಮಾತ್ರ ಬೆಂಕಿ ತಾಗಿ, ಹಿಂದಿನ ಭಾಗ ತಂಪಾಗಿದ್ದು ಭಾರ ಹೊರುವುದರಿಂದ. ಬಿದ್ದ ಇಟ್ಟಿಗೆಯ ಜೊತೆಯವು 1400 ಕೂಡ ದಾಟಲಿಲ್ಲ. ಒಳ್ಳೆಯ ಇಟ್ಟಿಗೆಗೂ ಇದಕ್ಕೂ ನಡುವಿನ ನೂರಕ್ಕೂ ಹೆಚ್ಚು ಡಿಗ್ರಿಯನ್ನು ನುಂಗಿದ್ದು ಆ ಒಂದು ಚಿಲ್ಲರೆ ಶೇಕಡಾ ಕ್ಷಾರ.

ಬಿಳಿ ಬಣ್ಣದ ಮಾತೂ ಇಲ್ಲೇ ಮುಗಿಸಿಬಿಡುತ್ತೇನೆ. ಕೆಂಪು ಕಂಡರೆ ಕಬ್ಬಿಣ ಎಂದು ಗಣಿಯಲ್ಲೇ ಕೈಯಿಂದ ಆರಿಸಿ ಎಸೆಯುತ್ತಾರೆ. ಸುಟ್ಟ ಮೇಲೆ ಕಬ್ಬಿಣ ಹೆಚ್ಚಿರುವ ಗಟ್ಟಿಗಳನ್ನು ಅಯಸ್ಕಾಂತದಿಂದಲೂ ತೆಗೆಯುತ್ತಾರೆ. ಕಬ್ಬಿಣ ಕಣ್ಣಿಗೆ ಸಿಕ್ಕುವ ಕಳ್ಳ. ಜೇಡಿಮಣ್ಣು ಬಿಳಿ, ಕ್ಷಾರ ಹೊತ್ತು ತರುವ ಅಭ್ರಕದ ಜಾತಿಯ ಖನಿಜಗಳೂ ಬಿಳಿ ಬೂದು. ಅವು ಒಳ್ಳೆಯ ಕಲ್ಲಿನ ಜೊತೆಯಲ್ಲೇ ನಡೆದು ಬರುತ್ತವೆ.

ಇಷ್ಟು ಬಾಕ್ಸೈಟ್ ಇರುವ ದೇಶದಲ್ಲಿ ಕುಲುಮೆ ದರ್ಜೆಯದ್ದಕ್ಕೆ ನಾವು ಹೊರಗೆ ಕೈಚಾಚುವುದು ಇದರಿಂದಲೇ. ಒಡಿಶಾದ ಬೆಟ್ಟಗಳಲ್ಲಿ ದೇಶದ ಅತಿ ದೊಡ್ಡ ನಿಕ್ಷೇಪವಿದೆ, ಅದರ ಬಹುಭಾಗ ಹೊಂದುವುದು ಲೋಹಕ್ಕೆ. ದಖನ್ನಿನ ಕಪ್ಪು ಬಂಡೆ ಕೊಳೆತು ಆದ ಪಶ್ಚಿಮದ ಬಾಕ್ಸೈಟ್‌ನಲ್ಲಿ ಟೈಟಾನಿಯಾ ಹೆಚ್ಚು. ಗುಜರಾತಿನ ಕಛ್, ಜಾಮ್‌ನಗರದ ಕಡೆ ಕಬ್ಬಿಣ ಕಡಿಮೆಯ ಕಲ್ಲು ಸಿಗುತ್ತದೆ, ಕೆಲವು ಕಡೆ ಸುಣ್ಣ ಜೊತೆಗೆ ಬರುತ್ತದೆ. ಹಿಂದೆ ಜಗತ್ತಿಗೆ ಹೆಸರಾಗಿದ್ದದ್ದು ದಕ್ಷಿಣ ಅಮೆರಿಕದ ಗಯಾನಾ ದೇಶದ ಲಿಂಡನ್ ಊರಿನ ಬಾಕ್ಸೈಟ್. ಅದರಲ್ಲಿ ಕಬ್ಬಿಣವೂ ಕ್ಷಾರವೂ ಕಡಿಮೆ. ಆಮೇಲೆ ಕಡಿಮೆ ಬೆಲೆಯ ಚೀನಾದ ಬಾಕ್ಸೈಟ್ ಮಾರುಕಟ್ಟೆ ಹಿಡಿಯಿತು. ಚೀನಾ ರಫ್ತಿಗೆ ಮಿತಿ ಹಾಕಿದಾಗ ಅಮೆರಿಕ, ಯುರೋಪಿಯನ್ ಒಕ್ಕೂಟ, ಮೆಕ್ಸಿಕೊ 2009ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. ಆ ದೂರಿನ ಪಟ್ಟಿಯಲ್ಲಿ ಬಾಕ್ಸೈಟೂ ಇತ್ತು. 2012ರಲ್ಲಿ ಮೇಲ್ಮನವಿಯಲ್ಲೂ ಚೀನಾ ಸೋತಿತು. 2017ರಲ್ಲಿ ಚೀನಾ ತನ್ನ ಪರಿಸರ ತಪಾಸಣೆ ಬಿಗಿಮಾಡಿದಾಗ ಕುಲುಮೆ ಇಟ್ಟಿಗೆಯ ಕಚ್ಚಾವಸ್ತುಗಳ ಬೆಲೆ ಮತ್ತೆ ಏರಿತು. ಬೆಲೆ ಏರಿದಾಗಲೇ "84ಕ್ಕಿಂತ 86 ಮೇಲು, ಅದೂ ಅಗ್ಗ" ಎಂಬ ಕೊಟೇಶನ್‌ಗಳು ಮೇಜಿನ ಮೇಲೆ ಬಂದು ಬೀಳುತ್ತವೆ.

ಕೆಟ್ಟ ಕಲ್ಲನ್ನು ಒಳ್ಳೆಯದು ಮಾಡುವ ದಾರಿಗಳೂ ಇವೆ. ಒಂದು, ಆರ್ಕ್ ಫರ್ನೇಸ್‌ನಲ್ಲಿ ಬಾಕ್ಸೈಟನ್ನೇ ಕೋಕ್ ಜೊತೆ ಕರಗಿಸುವುದು. ಕಬ್ಬಿಣ, ಸಿಲಿಕಾ ಎರಡೂ ಫೆರೊಸಿಲಿಕಾನ್ ಆಗಿ ತಳಕ್ಕಿಳಿಯುತ್ತವೆ. ಉಳಿಯುವುದು ಕಂದು ಬಣ್ಣದ ಅಲ್ಯೂಮಿನಾ, ನೂರಕ್ಕೆ 95ರ ಆಸುಪಾಸು. ಇನ್ನೊಂದು ದಾರಿ ಬೆಳಗಾವಿಯವರಿಗೆ ಗೊತ್ತು. 1960ರ ದಶಕದ ಕೊನೆಗೆ ಇಂಡಾಲ್ ಕಟ್ಟಿದ, ಈಗ ಹಿಂಡಾಲ್ಕೊ ನಡೆಸುವ ಕಾರ್ಖಾನೆಗೆ ಕೊಲ್ಹಾಪುರದ ಘಟ್ಟಗಳಿಂದ ಬಾಕ್ಸೈಟ್ ಬರುತ್ತದೆ. 1888ರ ಹೊತ್ತಿಗೆ ಕಾರ್ಲ್ ಬೇಯರ್ ರೂಪಿಸಿದ ವಿಧಾನದಲ್ಲಿ ಅದನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸುತ್ತಾರೆ. ಅಲ್ಯೂಮಿನಾ ಕರಗುತ್ತದೆ, ಕಬ್ಬಿಣ ಕರಗದೆ ಕೆಂಪು ಕೆಸರಾಗಿ ಹೊರಬೀಳುತ್ತದೆ. ಇಟ್ಟಿಗೆಯವರು ಹೆದರುವ ಕಬ್ಬಿಣಕ್ಕೆ ಇವರು ಅಷ್ಟಾಗಿ ಹೆದರುವುದಿಲ್ಲ. ಇಟ್ಟಿಗೆಯವರು ಮುಲ್ಲೈಟ್ ಮಾಡಿಕೊಳ್ಳುವ ಜೇಡಿಮಣ್ಣಿನ ಸಿಲಿಕಾ ಕಂಡರೆ ಇವರಿಗೆ ಸಂಕಟ, ಅದು ಸೋಡಾವನ್ನೂ ಅಲ್ಯೂಮಿನಾವನ್ನೂ ಎಳೆದುಕೊಂಡು ಕೆಸರಿಗೆ ಹೋಗುತ್ತದೆ. ಒಂದೇ ಕಲ್ಲು, ಇವರಿಗೆ ಕಸವಾದದ್ದು ಅವರಿಗೆ ಕಸವಲ್ಲ. ಬೆಳಗಾವಿಯಲ್ಲಿ ಕುಲುಮೆ ಇಟ್ಟಿಗೆಗೆ, ಸೆರಾಮಿಕ್ಸ್‌ಗೆ ಬೇಕಾದ ವಿಶೇಷ ಅಲ್ಯೂಮಿನಾ ತಯಾರಾಗುತ್ತದೆ. ಅಲ್ಲೂ ಒಂದು ತಿರುವಿದೆ: ಕಬ್ಬಿಣ ತೊಳೆಯಲು ಬಳಸಿದ ಸೋಡಾ ತಾನೇ ಸ್ವಲ್ಪ ಒಳಗೆ ಉಳಿಯುತ್ತದೆ. ಅದನ್ನೂ ಇಳಿಸಿದ್ದಕ್ಕೆ ಲೋ ಸೋಡಾ ಎಂಬ ಪ್ರತ್ಯೇಕ ದರ್ಜೆ, ಹೆಚ್ಚು ಬೆಲೆ.

ಹಾಗಾದರೆ ಎಲ್ಲರೂ ದುಬಾರಿ ಅಪ್ಪಟ ಅಲ್ಯೂಮಿನಾವನ್ನೇ ಕೊಳ್ಳಬೇಕೇ? ಬೇಡ. ಬಾಕ್ಸೈಟ್ ಇಟ್ಟಿಗೆ ಅಗ್ಗದ, ಗಟ್ಟಿ ಆಳು, ಸರಿಯಾದ ಕಡೆ ನಿಲ್ಲಿಸಿದರೆ ವರ್ಷಗಟ್ಟಲೆ ದುಡಿಯುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲು ಅದರ ಪೂರ್ತಿ ಜಾತಕ ಬೇಕು ಅಷ್ಟೆ. ಈ ಅಂಕಣದ ಓದುಗರಲ್ಲಿ ಫೌಂಡ್ರಿ, ಸಿಮೆಂಟ್, ಗಾಜಿನ ಕಾರ್ಖಾನೆಗಳ ಖರೀದಿ ವಿಭಾಗದಲ್ಲಿ ಇರುವವರು ಕಡಿಮೆಯಿಲ್ಲ ಎಂದು ನನಗೆ ಗೊತ್ತು. ಮುಂದಿನ ಕೊಟೇಶನ್ ಬಂದಾಗ ಈ ನಾಲ್ಕು ವಿಷಯ ಕೇಳಿ. ವಿಶ್ಲೇಷಣೆ ಹಸಿ ಕಲ್ಲಿನದ್ದೋ ಸುಟ್ಟದ್ದರದ್ದೋ? ಸೋಡಾ, ಪೊಟ್ಯಾಶ್ ಎರಡೂ ಸೇರಿ ಎಷ್ಟು? ಕಬ್ಬಿಣ, ಸುಣ್ಣ, ಟೈಟಾನಿಯಾ ಬೇರೆ ಬೇರೆಯಾಗಿ ಎಷ್ಟು? ಕೋನ್ ಫಲಿತಾಂಶದ ಜೊತೆ ಆರ್‌ಯುಎಲ್ ಫಲಿತಾಂಶ ಎಲ್ಲಿ? ಉತ್ತರ ಕೊಡದೆ "ಅಲ್ಯೂಮಿನಾ 86 ಇದೆಯಲ್ಲ ಸಾರ್" ಎಂದರೆ, ಆ ಇಟ್ಟಿಗೆ ಕಟ್ಟುವ ಕುಲುಮೆಯ ಕೆಳಗೆ ಯಾರು ನಿಲ್ಲುತ್ತಾರೆಂದು ಒಮ್ಮೆ ನೆನಪಿಸಿಕೊಂಡು ಆಮೇಲೆ ಸಹಿ ಹಾಕಿ.